ಅಪ್‌ಡೇಟ್: ಅಮ್ಮನ ಲಿವರ್‌ನಲ್ಲಿದ್ದ ಗುಳ್ಳೆ ಯಾವುದೆಂದು ಗೊತ್ತಾಯಿತು

ಅಮ್ಮನ ಲಿವರ್‌ನಲ್ಲಿ ಕಂಡ ನೀರುಗುಳ್ಳೆ ಸಾದಾ ಸಿಸ್ಟಾ, ಹುಳದ್ದಾ ಎಂದು ಹೋದ ತಿಂಗಳು ಕೇಳಿದ್ದೆ. ಹುಳದ್ದೇ. ಹೈಡಾಟಿಡ್ ಸಿಸ್ಟ್, ಅಂದರೆ ಒಂದು ಜಾತಿಯ ಲಾಡಿಹುಳದ ಮರಿಯಿಂದ ಆಗುವ ಗುಳ್ಳೆ.

ಎರಡನೇ ಸಲ ಅಲ್ಟ್ರಾಸೌಂಡ್ ಮಾಡುವಾಗ ಡಾಕ್ಟರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ದೊಡ್ಡ ಗುಳ್ಳೆಯೊಳಗೆ ಒತ್ತೊತ್ತಾಗಿ ಮರಿಗುಳ್ಳೆಗಳು, ಥೇಟ್ ಜೇನುಗೂಡು! ಸಾದಾ ಸಿಸ್ಟ್ ಆಗಿದ್ದರೆ ಒಳಗೆ ಬರೀ ಕಪ್ಪು ಕಾಣುತ್ತಿತ್ತಂತೆ. ಡಬ್ಲ್ಯುಎಚ್‌ಒ ವರ್ಗೀಕರಣದಲ್ಲಿ ಇದು ಸಿಇ2, ಅಂದರೆ ಹುಳ ಇನ್ನೂ ಜೀವಂತ. ರಕ್ತ ಪರೀಕ್ಷೆಯೂ ಪಾಸಿಟಿವ್. ಗುಳ್ಳೆ ಪಿತ್ತನಾಳಕ್ಕೆ ಒಡೆದಿದೆಯಾ ಎಂದು ಎಂಆರ್‌ಐ ಮಾಡಿಸಿದೆವು. ಸದ್ಯ, ಇಲ್ಲ.

ಸೂಜಿ ಹಾಕಿಸಿ ನೀರು ತೆಗೆಸಿಬಿಡಿ ಎಂದು ಕೆಲವರು ಹೇಳಿದ್ದಿರಿ. ದಯವಿಟ್ಟು ಯಾರೂ ಸುಮ್ನೆ ಹಾಗೆ ಮಾಡಿಸಬೇಡಿ. ನೀರು ಸೋರಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು, ಹುಳ ಹೊಟ್ಟೆಯೊಳಗೆಲ್ಲ ಹರಡಬಹುದು. ಅಮ್ಮನಿಗೆ ಹುಳದ ಔಷಧಿ ಆಲ್ಬೆಂಡಜೋಲ್ ಶುರುವಾಗಿದೆ, ಆಮೇಲೆ ಆಪರೇಷನ್.