ಸಾಗವಾನಿ ಪಟ್ಟಿ ಹೊರಮೈಗೇ ಯಾಕ ಸೀಳ್ತು

ತಮ್ಮಾ, ಫೋಟೋ ದೊಡ್ಡದು ಮಾಡಿ ನೋಡಿದೆ. ಭೀಮಾ ದಂಡಿಗಂತ ಮಾಡ್ಲಕತ್ತಿದ ಸಣ್ಣ ದೋಣಿ, ಪಕ್ಕೆಲಬಿಗೆ ಮುಕ್ಕಾಲು ಇಂಚಿನ ಸಾಗವಾನಿ ಪಟ್ಟಿ, ಬಗ್ಗಿಸೋ ಅಚ್ಚು ಅಂದ್ರ ಫರ್ಮಾದ ತ್ರಿಜ್ಯ 14 ಇಂಚು, ಬಗ್ಗಿಸೋಕಿಂತ ಮುಂಚೆ ಪೆಟ್ಟಿಗಿಯೊಳಗ ಒಂದೂವರಿ ತಾಸು ಉಗಿ. ಅಷ್ಟಾದ್ರೂ ಹೊರಮೈ ಸೀಳಿ ಸಿಬರು ಎದ್ದದ. ಇನ್ನೊಂದು ತಾಸು ಉಗಿ ಕೊಡು ಅಂತ ಕಾಕಾ ಹೇಳ್ಯಾರ. ಕಾಕಾ, ತಪ್ಪು ತಿಳೀಬ್ಯಾಡ್ರಿ, ಉಗಿ ಕಡಿಮಿ ಆಗಿ ಸೀಳಿದ್ದಲ್ಲ ಅದು.

ಉಗಿ ಕುಡಿದ ಕಟ್ಟಿಗಿ ಒತ್ತಿದ್ರ ಬಹಳ ಕುಗ್ತದ, ಜಗ್ಗಿದ್ರ ಹಿಗ್ಗಂಗಿಲ್ಲ. ಒಳಮೈ ನೂರಕ್ಕ 20ರ ಮಟ ಕುಗ್ಗಿದ್ರೂ ತಡಕೋತದ, ಹೊರಮೈ ನೂರಕ್ಕ 2 ಹಿಗ್ಗೋದ್ರಾಗ ಹರೀತದ. ಲೆಕ್ಕ ಹಾಕಿ ನೋಡು: ದಪ್ಪದ ಅರ್ಧ 0.375, ಅದನ್ನ 14ರಿಂದ ಭಾಗಿಸಿದ್ರ ನೂರಕ್ಕ 2.7 ಬರ್ತದ. ಅಲ್ಲೇ ಕೆಟ್ಟಿತು. ಬರೇ ಉಗಿ ಮ್ಯಾಲ ಬಗ್ಗಿಸ್ಬೇಕಂದ್ರ ತ್ರಿಜ್ಯ ದಪ್ಪದ 25 ಪಟ್ಟರ ಇರಬೇಕು. ಮುಕ್ಕಾಲಿಗೆ ಸುಮಾರು 19 ಇಂಚು ಆತು.

ನನ್ನ ಕೇಳಿದ್ರ, ಪಟ್ಟಿ ಎರಡು ಮಾಡು. ಮೂರು ಸೂತದ್ದು (ಇಂಚಿನ ಎಂಟರಾಗ ಮೂರು ಪಾಲು) ಎರಡು, ಜೋಡಿಸಿ ಒಮ್ಮೆಗೇ ಬಗ್ಗಿಸು. ಒಂದರ ಮ್ಯಾಲ ಒಂದು ಜಾರ್ತಾವ, ಒಂದೊಂದರ ಹೊರಮೈಗೂ ನೂರಕ್ಕ 1.3 ಅಷ್ಟೇ ಬೀಳ್ತದ. ಮರುದಿನದ ಮಟ ಫರ್ಮಾದಾಗೇ ಬಿಡು, ಆಮ್ಯಾಲ ಬಿಚ್ಚಿ ಪೂರಾ ಒಣಗಿಸು. ಎರಡನ್ನೂ ಅಂಟಿಸ್ಲಿಕ್ಕೆ ಎಪಾಕ್ಸಿ ಹಚ್ಚೋಕಿಂತ ಮುಂಚೆ ಅಸಿಟೋನ್‌ನಿಂದ ಒರೆಸಲೇಬೇಕು, ಸಾಗವಾನಿಯೊಳಗ ಎಣ್ಣಿ ಇರ್ತದ, ಅಂಟು ಹಿಡಿಯಂಗಿಲ್ಲ.

ಒಂದೇ ಪಟ್ಟಿ ಬೇಕೇಬೇಕಂದ್ರ ಹೊರಮೈಗೆ ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಕಟ್ಟು. ತಗಡಿನ ಎರಡೂ ತುದಿಗೆ ಗಟ್ಟಿ ಬ್ಲಾಕು ಇರಲಿ, ಪಟ್ಟಿ ಅವುಗಳ ನಡುವ ಬಿಗಿಯಾಗಿ ಕೂಡಬೇಕು. ಆಗ ಹೊರಮೈಗೆ ಹಿಗ್ಗಲಿಕ್ಕೆ ಜಾಗಾನೇ ಉಳಿಯಂಗಿಲ್ಲ, ಒಳಮೈ ಕುಗ್ಗಲೇಬೇಕು. ಬ್ಲಾಕು ಸಡಿಲಾದ್ರ ತಗಡು ಕಟ್ಟಿಯೂ ಕಟ್ಟದಂಗ. ಸ್ಟೇನ್‌ಲೆಸ್ ತಗಡೇ ತಗೋ. ಸಾದಾ ಕಬ್ಬಿಣ ಹಸಿ ಕಟ್ಟಿಗಿಗೆ ತಾಕಿದ್ರ ಕರೀ ಕಲಿ ಬೀಳ್ತದ. ಜಾಲಿ ಕಟ್ಟಿಗಿಗೆ ಇನ್ನೂ ಜಾಸ್ತಿ, ಅದರಾಗ ಟ್ಯಾನಿನ್ ಅನ್ನೋ ಒಗರು ಬಹಳ.

ಉಗಿ ಲೆಕ್ಕ ಒಂದು ಇಂಚು ದಪ್ಪಕ್ಕ ಒಂದು ತಾಸು. ಮುಕ್ಕಾಲಿಗೆ 45 ನಿಮಿಷ, ಮೂರು ಸೂತಕ್ಕ 20ರಿಂದ 25. ಪೆಟ್ಟಿಗಿ ಕಾದ ಮ್ಯಾಲ ಎಣಿಸು, ಒಲಿ ಹಚ್ಚಿದಾಗಿಂದಲ್ಲ. ಕಲಬುರಗಿ ಸುಮಾರು 450 ಮೀಟರ್ ಎತ್ತರದಾಗ ಅದ, ಇಲ್ಲಿ ನೀರು 98ರ ಹತ್ತಿರಕ್ಕೇ ಕುದೀತದ, ಹಂಗಾಗಿ ಥರ್ಮಾಮೀಟರ್ 100 ತೋರಸ್ಲಿಲ್ಲಂತ ಕಾಯ್ಕೋತ ಕೂಡಬ್ಯಾಡ. ಹೆಚ್ಚಿಗಿ ಬೇಸಿದ್ರ ಕಟ್ಟಿಗಿ ಪುಟುಪುಟು ಆಗ್ತದ. ಪೆಟ್ಟಿಗಿಗೆ ಉಗಿ ಹೊರಗ ಹೋಗೋ ತೂತು ಇರಲೇಬೇಕು, ಪೂರಾ ಮುಚ್ಚಿದ್ರ ಒತ್ತಡ ಕೂಡಿ ಸಿಡೀತದ.

ಪೆಟ್ಟಿಗಿಯಿಂದ ತೆಗೆದ ಮ್ಯಾಲ ಅರ್ಧ ನಿಮಿಷದೊಳಗ ಫರ್ಮಾಕ್ಕ ಕೂಡಬೇಕು. ಕ್ಲಾಂಪ್ ಎಲ್ಲಾ ಮೊದಲೇ ಬಾಯಿ ತೆರೆದು ಇಟ್ಟಿರು. ನಮ್ಮ ಬ್ಯಾಸಗಿ ಗಾಳಿಗೆ ಮೈ ಲಗೂನ ಒಣಗ್ತದ, ನೆಳ್ಳಾಗ ಮಾಡು. ಬಿಚ್ಚಿದಾಗ ಒಂದಿಷ್ಟು ವಾಪಸ್ ಬಿಚ್ಚಿಕೋತದ, ಫರ್ಮಾ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿ ಮಾಡಿಕೋ.

ಕಟ್ಟಿಗಿ ಭಟ್ಟಿಯೊಳಗ ಸೀಸನ್ ಮಾಡಿದ್ದಾ, ಗಾಳಿಗೆ ಒಣಗಿದ್ದಾ, ಕೇಳಿ ತಿಳ್ಕೋ. ಭಟ್ಟಿದ್ದು ಬಗ್ಗೋದು ಕಷ್ಟ, ನಾಕು ದಿನ ನೀರಾಗ ಹಾಕಿದ್ರೂ ಮೈ ಅಷ್ಟೇ ಹಸಿ ಆಗ್ತದ. ನೂರಕ್ಕ 15-20 ತೇವ ಇರೋ ಗಾಳಿ ಒಣಗಿನ ಕಟ್ಟಿಗಿ ಹುಡುಕು. ಎಳಿ, ಅಂದ್ರ ಕಟ್ಟಿಗಿ ನಾರಿನ ಗೆರಿ, 15 ಇಂಚು ಉದ್ದಕ್ಕ ಒಂದು ಇಂಚಿಗಿಂತ ಹೆಚ್ಚು ವಾರಿ ಆಗಿದ್ರ ಆ ಪಟ್ಟಿ ಬಿಟ್ಟುಬಿಡು, ಗಂಟು ಇದ್ರಂತೂ ಬ್ಯಾಡೇ ಬ್ಯಾಡ. ನಾಳಿ ಪಟ್ಟಿ ಸೀಳಿಸೋಕ್ಕಿಂತ ಮುಂಚೆ ಹಲಗಿ ಎರಡೂ ಮಗ್ಗಲದ ಫೋಟೋ ಹಾಕು, ಎಳಿ ನೋಡಿ ಹೇಳ್ತೀನಿ.