ಅಪ್ಪನ ನ್ಯುಮೋನಿಯಾ: ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ

ಸಿಂಧನೂರಿನಿಂದ ಒಬ್ಬ ಮಗನ ಪ್ರಶ್ನೆ

ನಮ್ಮ ಅಪ್ಪನಿಗೆ 67 ವರ್ಷ. ಅಕ್ಕಿ ಗಿರಣಿಯಲ್ಲಿ ದುಡಿದ ಜೀವ, ಸಕ್ಕರೆ ಕಾಯಿಲೆಯೂ ಇದೆ. ಮೂರು ವಾರಗಳ ಹಿಂದೆ ಒಂದು ಸಂಜೆ ಮೈಯೆಲ್ಲ ಗಡಗಡ ನಡುಗಿ ಜ್ವರ ಬಂತು. ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಉಸಿರೆಳೆದರೆ ಬಲ ಪಕ್ಕೆಯಲ್ಲಿ ಚುಚ್ಚುವ ನೋವು, ಮರುದಿನ ಕಫದಲ್ಲಿ ತುಕ್ಕಿನ ಬಣ್ಣ. ರಾಯಚೂರಿನಲ್ಲಿ ಆರು ದಿನ ದಾಖಲಾಗಿದ್ದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಿತ್ತು. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು ಎಂದರು. ಜ್ವರವೇನೋ ಇಳಿಯಿತು. ಆದರೆ ಬಚ್ಚಲಿಗೆ ಹೋಗಿ ಬಂದರೆ ಏದುಸಿರು, ಕೆಮ್ಮು ಇನ್ನೂ ಇದೆ. ಓಣಿಯವರು ಇದು ಟಿ.ಬಿ. ಎನ್ನುತ್ತಿದ್ದಾರೆ. ಮನೆಯಲ್ಲಿ ಹತ್ತು ತಿಂಗಳ ಮಗು ಇದೆ, ಅಜ್ಜನ ಮಡಿಲಿಗೆ ಬಿಡಬಹುದೇ? ಇದಕ್ಕೆ ಲಸಿಕೆ ಇದೆಯಂತೆ, ನಿಜವೇ?

ಬಳ್ಳಾರಿಯಿಂದ, ಶಾಲಾ ಶಿಕ್ಷಕಿ

ತಮ್ಮಾ, ನಿಮ್ಮ ಮಾತು ಓದಿ ಎರಡು ವರ್ಷದ ಹಿಂದಿನ ನಮ್ಮ ಮನೆ ಕಣ್ಣಿಗೆ ಕಟ್ಟಿತು. ಮೊದಲು ನಿಮ್ಮ ದೊಡ್ಡ ಚಿಂತೆಗೆ ಉತ್ತರ ಕೊಡುತ್ತೇನೆ. ಮೂರನೇ ವಾರದಲ್ಲಿ ಈ ಸುಸ್ತು ಸಹಜ. ನಮ್ಮ ಅವ್ವನನ್ನು ಮನೆಗೆ ಕಳಿಸುವಾಗ ವೈದ್ಯರು ಒಂದು ಲೆಕ್ಕ ಹೇಳಿದ್ದರು: ವಾರದೊಳಗೆ ಜ್ವರ ಹೋಗಬೇಕು, ನಾಲ್ಕು ವಾರಕ್ಕೆ ಎದೆನೋವು ಮತ್ತು ಕಫ ಬಹಳಷ್ಟು ಇಳಿಯಬೇಕು, ಆರು ವಾರಕ್ಕೆ ಕೆಮ್ಮು, ಏದುಸಿರು ತಗ್ಗಬೇಕು, ಮೂರು ತಿಂಗಳಿಗೆ ಸುಸ್ತೊಂದು ಉಳಿದರೆ ಉಳಿಯಬಹುದು. ಪೂರ್ತಿ ಮೊದಲಿನಂತಾಗಲು ಆರು ತಿಂಗಳೂ ಹಿಡಿಯಬಹುದು. ಅವ್ವನಿಗೆ ಹೆಚ್ಚೂಕಡಿಮೆ ಹಾಗೆಯೇ ಆಯಿತು. ಆದರೆ ಇಳಿದದ್ದು ಮತ್ತೆ ಏರಿದರೆ, ಬಿಟ್ಟ ಜ್ವರ ಮರಳಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ಸುತ್ತ ನೀರು ಅಥವಾ ಕೀವು ತುಂಬಿಕೊಂಡಿರಬಹುದು. ಕೀವು ತುಂಬಿದ್ದರೆ ನಳಿಕೆ ಹಾಕಿ ಹೊರತೆಗೆಯಬೇಕಾಗುತ್ತದೆ, ಬರೀ ಮಾತ್ರೆಗೆ ಅದು ಬಗ್ಗುವುದಿಲ್ಲ.

ಇನ್ನು ನಮ್ಮ ಕಥೆ. ಇದನ್ನು ವಯಸ್ಸಾದವರು ಇರುವ ಪ್ರತಿ ಮನೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪನಿಗೆ ನಡುಕ, ಜ್ವರ, ಪಕ್ಕೆನೋವು ಎಲ್ಲವೂ ಬಂದು ರೋಗ ತಾನಾಗಿ ಹೆಸರು ಹೇಳಿಕೊಂಡಿತು. ನಮ್ಮ ಅವ್ವನಿಗೆ 72 ವರ್ಷ, ಅವಳಿಗೆ ಮೈ ಬಿಸಿಯೇ ಇರಲಿಲ್ಲ. ಅಂದು ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತವಳು ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕುಳಿತುಬಿಟ್ಟಿದ್ದಳು. ಹಂಚು ಕಾದು ಹೊಗೆಯಾಡುತ್ತಿತ್ತು. "ಅವ್ವಾ" ಎಂದರೆ ತಿರುಗಿ ನೋಡಿ, ತೀರಿಹೋದ ತನ್ನ ತಂಗಿಯ ಹೆಸರು ಹಿಡಿದು ನನ್ನನ್ನು ಕರೆದಳು. ವಯಸ್ಸಾಯಿತು, ಮರೆವು ಶುರುವಾಗಿದೆ ಎಂದುಕೊಂಡೆವು. ಓಣಿಯ ಒಬ್ಬ ವೈದ್ಯರು ನಿಶ್ಶಕ್ತಿ ಎಂದು ಒಂದು ಬಾಟಲಿ ಸಲೈನ್ ಏರಿಸಿ ಕಳಿಸಿದರು. ಎರಡು ದಿನ ಹೀಗೆ ಕಳೆದವು. ಆ ಎರಡು ದಿನಗಳ ನೋವು ನನಗೆ ಇನ್ನೂ ಇದೆ.

ಮೂರನೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಒಬ್ಬ ಎಳೆಯ ವೈದ್ಯೆ ಮೊದಲು ಅವ್ವನನ್ನು ಮುಟ್ಟಲೂ ಇಲ್ಲ. ಮಣಿಕಟ್ಟಿನ ಗಡಿಯಾರ ನೋಡುತ್ತ, ಅವ್ವನ ಸೆರಗು ಏರಿಳಿಯುವುದನ್ನೇ ನೋಡುತ್ತ ಪೂರ್ತಿ ಒಂದು ನಿಮಿಷ ನಿಂತರು. "34" ಎಂದು ನರ್ಸ್‌ಗೆ ಹೇಳಿದರು. ಆರಾಮವಾಗಿ ಕುಳಿತ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರುತ್ತದೆ. 30 ದಾಟಿದರೆ ಅಪಾಯದ ಗುರುತು. ಬೆರಳಿಗೆ ಹಾಕಿದ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇ. 86ಕ್ಕೆ ಇಳಿದಿದ್ದನ್ನು ತೋರಿಸಿತು, ಬಿ.ಪಿ.ಯೂ ಇಳಿದಿತ್ತು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಾಗ ಎಡಗಡೆ ಕೆಳಗೆ ಚಿಟಪಟ ಸದ್ದು ಇತ್ತಂತೆ. ಗೊಂದಲ, ಉಸಿರಿನ ವೇಗ, ಬಿ.ಪಿ., ರಕ್ತದಲ್ಲಿನ ಯೂರಿಯಾ, 65 ದಾಟಿದ ವಯಸ್ಸು: ಈ ಐದನ್ನು ಕೂಡಿಸಿ ನೋಡಿ ದಾಖಲಿಸಬೇಕೇ, ಐಸಿಯು ಬೇಕೇ ಎಂದು ನಿರ್ಧರಿಸುತ್ತಾರೆ. ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಎರಡೂ ತೋಳುಗಳಿಂದ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ಆಮೇಲೆ ಒಂದು ಗಳಿಗೆಯೂ ತಡಮಾಡದೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಜೊತೆಗೆ ಅಜಿತ್ರೋಮೈಸಿನ್, ಆಮ್ಲಜನಕ. ಮೂರನೇ ದಿನ ಕಲ್ಚರ್ ವರದಿ ಬಂತು, ನ್ಯುಮೋಕಾಕಸ್ಸೇ. ಪೆನಿಸಿಲಿನ್ ಗುಂಪಿನ ಔಷಧ ಅದಕ್ಕೆ ನಾಟುತ್ತದೆ ಎಂದು ಗೊತ್ತಾದ ಮೇಲೆ ಅಮಾಕ್ಸಿಸಿಲಿನ್ ಮಾತ್ರೆಗೆ ಬದಲಾಯಿಸಿದರು. ಐದನೇ ದಿನ ಅವ್ವ ನನ್ನನ್ನು ನನ್ನ ಹೆಸರಿನಿಂದಲೇ ಕರೆದಳು.

ಹಿರಿಯರ ವಿಷಯದಲ್ಲಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಇದ್ದಕ್ಕಿದ್ದಂತೆ ತಬ್ಬಿಬ್ಬಾದರೆ, ಊಟ ಬಿಟ್ಟರೆ, ಮೊದಲು ಉಸಿರು ಎಣಿಸಿ. ನಿಮ್ಮ ಅಪ್ಪನ ಉಸಿರನ್ನೂ ದಿನಕ್ಕೆ ಎರಡು ಸಲ ಎಣಿಸಿ ಬರೆದಿಡಿ. ಎಣಿಸುತ್ತಿದ್ದೀರಿ ಎಂದು ಅವರಿಗೆ ತಿಳಿಯಬಾರದು, ತಿಳಿದರೆ ಉಸಿರು ಬದಲಾಗುತ್ತದೆ. ಸಕ್ಕರೆಯನ್ನೂ ನೋಡುತ್ತಿರಿ, ಸೋಂಕಿನಲ್ಲಿ ಅದು ಏರುತ್ತದೆ. ಕೆಲವರಿಗೆ ಸ್ವಲ್ಪ ದಿನ ಇನ್ಸುಲಿನ್ ಬೇಕಾಗುವುದೂ ಉಂಟು.

ರಾಯಚೂರಿನಿಂದ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು

ಅಣ್ಣ, ಟಿ.ಬಿ. ಬಗ್ಗೆ ಓಣಿಯವರ ಮಾತಿಗೆ ಹೆದರಬೇಡಿ, ಹಾಗೆಂದು ತಳ್ಳಿಯೂ ಹಾಕಬೇಡಿ. ನ್ಯುಮೋಕಾಕಸ್ ಗಂಟೆಗಳಲ್ಲಿ ಏರುವ ರೋಗ. ಟಿ.ಬಿ. ಸಾಮಾನ್ಯವಾಗಿ ವಾರಗಟ್ಟಲೆ ಸಂಜೆ ಜ್ವರ, ರಾತ್ರಿ ಬೆವರು, ಇಳಿಯುವ ತೂಕ ಎಂದು ನಿಧಾನ ಬರುತ್ತದೆ. ಆದರೆ ಸಕ್ಕರೆ ಇರುವವರಿಗೆ ಎರಡೂ ಸುಲಭವಾಗಿ ಅಂಟುತ್ತವೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿಬಿಡಿ. ಔಷಧ ಅಂಗಡಿಯಲ್ಲಿ ಕೇಳಿ ಲಿವೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ನುಂಗಿಸಬೇಡಿ. ಅದು ಟಿ.ಬಿ. ಕ್ರಿಮಿಯನ್ನೂ ತುಸು ಅದುಮುತ್ತದೆ, ಆಗ ನಿಜವಾದ ರೋಗ ಪತ್ತೆಯಾಗುವುದು ತಡವಾಗಬಹುದು.

ಕಫ ಕೊಡುವ ರೀತಿಯನ್ನೂ ಹೇಳಬೇಕು, ಏಕೆಂದರೆ ನಮ್ಮ ಮೇಜಿಗೆ ಬರುವ ಡಬ್ಬಿಗಳಲ್ಲಿ ಎಷ್ಟೋ ಬರೀ ಎಂಜಲು. ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಒಳ್ಳೆಯ ಕಫಕ್ಕೆ ಗ್ರಾಂ ಎಂಬ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀವಿನ ಕಣಗಳ ನಡುವೆ ನೇರಳೆ ಬಣ್ಣದ ಜೋಡಿ ಚುಕ್ಕೆಗಳು ಕಾಣುತ್ತವೆ. ಒಂದೊಂದರ ತುದಿಯೂ ದೀಪದ ಕುಡಿಯಂತೆ ಚೂಪು. ನ್ಯುಮೋಕಾಕಸ್ ಎಂಬ ಗುಮಾನಿ ನಮಗೆ ಹುಟ್ಟುವುದೇ ಅಲ್ಲಿ. ಆದರೆ ಈ ಕ್ರಿಮಿ ತನ್ನದೇ ಕಿಣ್ವದಿಂದ ತಾನೇ ಒಡೆದು ಸಾಯುತ್ತದೆ. ಡಬ್ಬಿಯನ್ನು ಬಿಸಿಲಲ್ಲಿ ಬಸ್ಸಿನಲ್ಲಿಟ್ಟುಕೊಂಡು ಅರ್ಧ ದಿನ ಬಿಟ್ಟು ತಂದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಮಾತ್ರೆ ಶುರುವಾದ ಮೇಲೆ ತಂದರೂ ಅದೇ ಪಾಡು. ವರದಿಯಲ್ಲಿ "ಬೆಳವಣಿಗೆ ಇಲ್ಲ" ಎಂದಿದ್ದರೆ ರೋಗವೇ ಇರಲಿಲ್ಲ ಎಂದು ತಿಳಿಯಬೇಡಿ. ನಿಮ್ಮ ವೈದ್ಯರು "ಇರಬಹುದು" ಎಂದದ್ದು ಪ್ರಾಮಾಣಿಕ ಮಾತು. ಎಷ್ಟೋ ರೋಗಿಗಳಲ್ಲಿ ಕ್ರಿಮಿ ಕೈಗೆ ಸಿಗುವುದೇ ಇಲ್ಲ, ಲಕ್ಷಣ ಮತ್ತು ಎಕ್ಸ್‌ರೇ ನೋಡಿಯೇ ಚಿಕಿತ್ಸೆ ನಡೆಯುತ್ತದೆ.

ಕೊಪ್ಪಳದಿಂದ, ಒಬ್ಬ ತಾಯಿ

ಮಗುವಿನ ಬಗ್ಗೆ ಕೇಳಿದ್ದೀರಿ. ನಿಮ್ಮ ಅಪ್ಪ ಔಷಧ ಮುಗಿಸಿದ್ದರೆ ನ್ಯುಮೋಕಾಕಸ್ ವಿಷಯದಲ್ಲಿ ಅವರಿಂದ ಹೆದರಬೇಕಿಲ್ಲ. ಟಿ.ಬಿ. ಇಲ್ಲ ಎಂಬುದು ಮಾತ್ರ ಕಫ ಪರೀಕ್ಷೆಯಲ್ಲಿ ಮೊದಲು ಖಚಿತವಾಗಲಿ. ಸರಿಯಾದ ಆ್ಯಂಟಿಬಯೋಟಿಕ್ ಶುರುವಾಗಿ ಒಂದೆರಡು ದಿನಕ್ಕೆ ಹರಡುವ ಸಾಧ್ಯತೆ ತೀರ ಕಡಿಮೆಯಾಗುತ್ತದೆ. ವಾಸ್ತವದಲ್ಲಿ ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಪುಟ್ಟ ಮಕ್ಕಳ ಮೂಗು ಗಂಟಲಲ್ಲೇ ಹೆಚ್ಚು ಮನೆ ಮಾಡಿಕೊಂಡಿರುತ್ತದೆ. ಮೊಮ್ಮಕ್ಕಳಿಂದ ಅಜ್ಜ ಅಜ್ಜಿಯರಿಗೆ ಹೋಗುವುದೇ ಜಾಸ್ತಿ. ಮಗುವಿಗೆ ನೆಗಡಿ ಇದ್ದಾಗ ಅಜ್ಜನಿಂದ ತುಸು ದೂರವಿಡಿ.

ಲಸಿಕೆ ಇರುವುದು ನಿಜ. ತಾಯಿ ಕಾರ್ಡ್ ತೆಗೆದು ಪಿಸಿವಿ ಎಂಬ ಸಾಲು ನೋಡಿ, ಅದೇ ನ್ಯುಮೋಕಾಕಸ್ ತಡೆಯುವ ಲಸಿಕೆ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಒಟ್ಟು ಮೂರು ಸಲ. ಸರ್ಕಾರದ ಕಾರ್ಯಕ್ರಮಕ್ಕೆ ಈ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಹಣ ಕೊಡಬೇಕಿಲ್ಲ. ಒಂಬತ್ತು ತಿಂಗಳಿನದು ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ.

ನನ್ನ ಹಿರಿಯ ಮಗ ಹುಟ್ಟಿದ್ದು ಅದಕ್ಕೂ ಮೊದಲು. ಅವನಿಗೆ ಒಂದೂವರೆ ವರ್ಷವಿದ್ದಾಗ ಇದೇ ಸೋಂಕು ಮಿದುಳಿನ ಪೊರೆಗೆ ಏರಿತು. ಜ್ವರ, ವಾಂತಿ, ಎತ್ತಿಕೊಂಡರೆ ಕುತ್ತಿಗೆ ಬಿಗಿ ಹಿಡಿದು ಅಳುವುದು. ಮನೆಯ ಹಿರಿಯರೊಬ್ಬರು ಅಗರಬತ್ತಿಯಿಂದ ಬರೆ ಹಾಕಿಸೋಣ ಎಂದರು. ನನ್ನ ಅತ್ತೆ ಅಡ್ಡ ನಿಂತು ಮಗುವನ್ನು ಎತ್ತಿಕೊಂಡು ಆಟೋ ಹತ್ತಿದರು. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿ, ಎರಡು ವಾರ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು, ಬಲಗಿವಿ ಹೋಯಿತು. ಮಿದುಳಿನ ಪೊರೆಯ ಈ ಸೋಂಕಿನಿಂದ ಗುಣವಾದ ಪ್ರತಿ ಮಗುವಿಗೂ ಬೇಗನೆ ಕಿವಿ ಪರೀಕ್ಷೆ ಮಾಡಿಸಿ. ತಡವಾದರೆ ಒಳಗಿವಿ ಎಲುಬಿನಂತೆ ಗಟ್ಟಿಯಾಗಿ, ಮುಂದೆ ಕೇಳಿಸುವಂತೆ ಮಾಡಲು ಕಿವಿಯೊಳಗೆ ಕಾಕ್ಲಿಯರ್ ಸಾಧನ ಕೂರಿಸುವುದೂ ಕಷ್ಟವಾಗಬಹುದು.

ಮಕ್ಕಳ ಉಸಿರಿನ ಲೆಕ್ಕ ದೊಡ್ಡವರದ್ದಲ್ಲ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಂಡರೆ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ತೋರಣಗಲ್ಲಿನಿಂದ, ವೆಲ್ಡಿಂಗ್ ಕೆಲಸಗಾರ

ನನಗೆ 41 ವರ್ಷ, ಸಕ್ಕರೆ ಇಲ್ಲ, ಬೀಡಿ ಇಲ್ಲ. ಆದರೂ ಬಂತು. ಬೆಸುಗೆಯ ಹೊಗೆ ಎಳೆಯುವವರಿಗೆ ಈ ಸೋಂಕು ಹೆಚ್ಚು ಎಂದು ವೈದ್ಯರು ಹೇಳಿದರು. ಬ್ರಿಟನ್‌ನಲ್ಲಿ ವೆಲ್ಡರ್‌ಗಳಿಗೆ ಲಸಿಕೆ ಶಿಫಾರಸು ಮಾಡುತ್ತಾರಂತೆ. ನಾನು ಗುಣವಾದ ಮೇಲೆ ಹಾಕಿಸಿಕೊಂಡೆ. ಒಮ್ಮೆ ಬಂದವರಿಗೆ ಮತ್ತೆ ಬರಬಹುದು, ಏಕೆಂದರೆ ಈ ಬ್ಯಾಕ್ಟೀರಿಯಾದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ದೊಡ್ಡವರಿಗೆ ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಖಾಸಗಿಯಲ್ಲಿ ಸಾವಿರಾರು ರೂಪಾಯಿ ಆಗುತ್ತದೆ. ಯಾವ ಲಸಿಕೆ, ಒಂದೋ ಎರಡೋ, ಎಷ್ಟು ಅಂತರ ಎಂಬುದನ್ನು ನಿಮ್ಮ ಅಪ್ಪನ ಸಕ್ಕರೆ, ಮೂತ್ರಪಿಂಡ ನೋಡಿ ವೈದ್ಯರೇ ಹೇಳಲಿ. ಪ್ರತಿವರ್ಷದ ಫ್ಲೂ ಲಸಿಕೆಯನ್ನೂ ಕೇಳಿ, ಫ್ಲೂ ಬಂದು ಹೋದ ಬೆನ್ನಿಗೇ ಇದು ಏರುವುದು ಹೆಚ್ಚು. ಅಪ್ಪನನ್ನು ಸದ್ಯಕ್ಕೆ ಗಿರಣಿಯ ದೂಳಿಗೆ ಕಳಿಸಬೇಡಿ.

ಸಿಂಧನೂರಿನಿಂದ, ಪ್ರಶ್ನೆ ಕೇಳಿದವನು

ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪ ನಿದ್ದೆಯಲ್ಲಿದ್ದಾಗ ಎಣಿಸಿದೆ, 19. ಬಚ್ಚಲಿಗೆ ಹೋಗಿ ಬಂದ ಮೇಲೆ 26, ಐದು ನಿಮಿಷ ಕುಳಿತ ಮೇಲೆ ಮತ್ತೆ 20. ಮೂರನ್ನೂ ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ. ಮಗುವಿನ ಕಾರ್ಡಿನಲ್ಲಿ ಒಂಬತ್ತು ತಿಂಗಳಿನ ಪಿಸಿವಿ ಖಾಲಿ ಇತ್ತು, ಆಶಾ ಅಕ್ಕ ಗುರುವಾರ ಬರಲು ಹೇಳಿದ್ದಾರೆ. ಕಫದ ಡಬ್ಬಿಯನ್ನು ಇಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುತ್ತೇವೆ, ರಾಯಚೂರಿನವರೆಗೆ ಬಸ್ಸಿನಲ್ಲಿ ಒಯ್ಯುವುದಿಲ್ಲ.