ಕಿಕ್ಕರ್ ಸರ್ರಂತ ಇಳಿಯುತ್ತೆ, ಡರ್ಟ್ ಬೈಕ್ ಮಾತ್ರ ಸ್ಟಾರ್ಟ್ ಆಗ್ತಿಲ್ಲ

ಪ್ರಶ್ನೆ (ಸಕಲೇಶಪುರದ ಕಡೆಯ ತೋಟದವರು):
ನಮಸ್ಕಾರ. ಮಗನಿಗೆ ಅಂತ ಹೋದ ವರ್ಷ ಸೆಕೆಂಡ್ ಹ್ಯಾಂಡ್ 125 ಸಿಸಿ ಡರ್ಟ್ ಬೈಕ್ ತಗೊಂಡೆ. ಚೈನಾ ಇಂಜಿನ್, ಸಿಲಿಂಡರ್ ಮುಂದಕ್ಕೆ ಮಲಗಿಕೊಂಡಿರುತ್ತಲ್ಲ, ಆ ಥರದ್ದು. ಸೆಲ್ಫ್ ಇಲ್ಲ, ಕಿಕ್ ಮಾತ್ರ. ರಿಜಿಸ್ಟ್ರೇಷನ್ ಇಲ್ಲದ ಗಾಡಿ, ತೋಟದೊಳಗೇ ಓಡಿಸೋದು. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತಿತ್ತು. ಈಗ ಕಿಕ್ ಹೊಡೆದ್ರೆ ಹತ್ತರಲ್ಲಿ ಏಳು ಸಲ ಕಾಲಿಗೆ ಏನೂ ಸಿಗಲ್ಲ, ಬೆಣ್ಣೆಗೆ ಕಾಲಿಟ್ಟ ಹಾಗೆ ಇಳಿದುಬಿಡುತ್ತೆ. ಆಮೇಲೆ ಒಂದು ಸಲ ಗಟ್ಟಿ ಸಿಗುತ್ತೆ, ಸ್ಟಾರ್ಟೂ ಆಗುತ್ತೆ. ಹೊಸ ಪ್ಲಗ್ ಹಾಕಿಸಿದೆ, ಕಾರ್ಬೊರೇಟರ್ ಕ್ಲೀನ್ ಮಾಡಿಸಿದೆ. ಊರಿನ ಮೆಕ್ಯಾನಿಕ್ ಇಂಜಿನ್ ಬಿಚ್ಚಬೇಕು, ಕಿಕ್ ಗೇರ್ ಹೋಗಿದೆ ಅಂತಾನೆ. ಬಿಚ್ಚಿಸ್ಲಾ?

ಉತ್ತರ (ಹಾಸನದ ಮೆಕ್ಯಾನಿಕ್):
ಈಗಲೇ ಬಿಚ್ಚಿಸ್ಬೇಡಿ ಸಾರ್. ಈ ಇಂಜಿನ್‌ನಲ್ಲಿ ಕಿಕ್ ಶಾಫ್ಟ್ ಬದಲಾಯಿಸ್ಬೇಕಂದ್ರೆ ಕೇಸ್ ಎರಡು ಹೋಳು ಮಾಡ್ಬೇಕು. ಕೆಲಸ ದೊಡ್ಡದು, ಒಂದು ಬೋಲ್ಟ್ ಸಡಿಲ ಇದ್ದಿದ್ದಕ್ಕೆ ಅದನ್ನ ಮಾಡಿಸಿ ಕೈ ಸುಟ್ಟುಕೊಂಡವರನ್ನ ನೋಡಿದ್ದೀನಿ.

ಪ್ಲಗ್, ಕಾರ್ಬೊರೇಟರ್ ಎರಡೂ ಸದ್ಯಕ್ಕೆ ಬಿಡಿ. ಅವು ಕೆಟ್ಟಿದ್ರೆ ಕಾಲಿಗೆ ಗಟ್ಟಿ ಸಿಗುತ್ತೆ, ಇಂಜಿನ್ ತಿರುಗುತ್ತೆ, ಬೆಂಕಿ ಮಾತ್ರ ಹತ್ತಲ್ಲ. ನಿಮಗೆ ಕಾಲಿಗೇ ಏನೂ ಸಿಗ್ತಿಲ್ಲ. ಅಂದ್ರೆ ನಿಮ್ಮ ಕಾಲಿನ ಬಲ ಇಂಜಿನ್‌ವರೆಗೆ ಹೋಗ್ತಿಲ್ಲ, ಇಲ್ಲಾ ಹೋದ್ರೂ ಅಲ್ಲಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇಲ್ಲ. ಎಲ್ಲಿ ಕಡಿತ ಆಗ್ತಿದೆ ಅಂತ ಹೊರಗಿಂದಲೇ ಹುಡುಕಬಹುದು.

ಮೊದಲು ಕಿಕ್ಕರ್ ಬುಡ ನೋಡಿ. ಕಿಕ್ಕರ್ ಮೇಲಿಂದ ಶಾಫ್ಟ್ ತುದಿಗೆ ಸೇರೋ ಹಾಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೀರಿ. ಕಿಕ್ ಹೊಡೆದ ಮೇಲೆ ಗೆರೆ ಮುರಿದಿದ್ರೆ ಬೋಲ್ಟ್ ಸಡಿಲ ಇದೆ, ಇಲ್ಲಾ ಕಿಕ್ಕರ್ ಒಳಗಿನ ಹಲ್ಲು ಸವೆದಿದೆ. ಹೆಚ್ಚಿನ ಸಲ ಬೋಲ್ಟ್ ಬಿಗಿ ಮಾಡಿದ್ರೆ, ಇಲ್ಲಾ ಕಿಕ್ಕರ್ ಮಾತ್ರ ಬದಲಾಯಿಸಿದ್ರೆ ಸಾಕು. ಕಿಕ್ಕರ್ ತೆಗೆಯೋಕೆ ಅದರ ಬುಡದ ಬೋಲ್ಟ್ ಪೂರ್ತಿ ತೆಗೀಬೇಕು, ಅದು ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತೆ, ಸಡಿಲ ಮಾಡಿ ಸುತ್ತಿಗೆಯಲ್ಲಿ ಹೊಡೆದ್ರೆ ಬರಲ್ಲ. ಇನ್ನೊಂದು ವಿಷಯ, ಯಾರಾದ್ರೂ ಕಿಕ್ಕರ್‌ನ ಶಾಫ್ಟಿಗೇ ವೆಲ್ಡಿಂಗ್ ಮಾಡಿಬಿಡೋಣ ಅಂದ್ರೆ ಗಾಡಿ ತಗೊಂಡು ವಾಪಸ್ ಬಂದ್ಬಿಡಿ. ವೆಲ್ಡ್ ಮಾಡಿದ ಮೇಲೆ ಬಲಗಡೆ ಕವರ್ ತೆಗೆಯೋಕೇ ಆಗಲ್ಲ.

ಗೆರೆ ಮುರಿದಿಲ್ಲ ಅಂದ್ರೆ ಎಡಗಡೆ ಮ್ಯಾಗ್ನೆಟ್ ಕವರಿನ ನಡುವಿನ ದುಂಡಗಿನ ಮುಚ್ಚಳ ತೆಗೀರಿ. ನ್ಯೂಟ್ರಲ್‌ನಲ್ಲಿ ಮಗನಿಗೆ ಕೈಯಲ್ಲೇ ಕಿಕ್ಕರ್ ಒತ್ತೋಕೆ ಹೇಳಿ, ನೀವು ಒಳಗಿನ ನಟ್ ನೋಡಿ, ಇಂಜಿನ್ ತಿರುಗಿದ್ರೆ ಅದೂ ತಿರುಗುತ್ತೆ. ತಿರುಗುತ್ತಾ ಇಲ್ವಾ, ಅಷ್ಟು ಹೇಳಿ.

ಹಾಂ, ಮಗ ಏರು ಹತ್ತಿಸುವಾಗ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಹಾಗೇನಾದ್ರೂ ಇತ್ತಾ?

ಪ್ರಶ್ನೆ (ತೋಟದವರು):
ಗೆರೆ ಮುರಿದಿಲ್ಲ. ನಟ್ ಕಿಕ್ ಸಿಕ್ಕಾಗ ತಿರುಗುತ್ತೆ, ಸಿಗದೇ ಇದ್ದಾಗ ಅಲ್ಲಾಡಲ್ಲ. ಏರಿನ ಮಾತು ನಿಜ! ಮಳೆಗಾಲಕ್ಕೆ ಮುಂಚೆಯಿಂದಲೂ ಹಾಗೇ ಇತ್ತು. ಸೈಲೆನ್ಸರ್ ಕಟ್ಟಿಕೊಂಡಿರಬೇಕು ಅಂದ್ಕೊಂಡಿದ್ದೆ.

ಇನ್ನೊಬ್ಬ ಸದಸ್ಯರು:
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನ ಆರ್‌ಎಕ್ಸ್ 100 ಗೇರ್‌ನಲ್ಲಿದ್ರೂ ಕ್ಲಚ್ ಹಿಡಿದು ಕಿಕ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ. ಇವರೂ ಕ್ಲಚ್ ಹಿಡಿದು ನೋಡ್ಬಹುದಲ್ವಾ?

ಉತ್ತರ (ಮೆಕ್ಯಾನಿಕ್):
ಒಳ್ಳೇ ಪ್ರಶ್ನೆ ಅಣ್ಣ, ಇವರ ಕಾಯಿಲೆ ಇರೋದೇ ಅಲ್ಲಿ. ಆರ್‌ಎಕ್ಸ್‌ನಲ್ಲಿ ಕಿಕ್ ಗೇರ್ ನೇರವಾಗಿ ಕ್ಲಚ್ಚಿನ ಹೊರಗಿನ ಡ್ರಮ್ ತಿರುಗಿಸುತ್ತೆ, ಅದು ಕ್ರ್ಯಾಂಕಿಗೆ (ಪಿಸ್ಟನ್‌ಗೆ ಸೇರಿದ ಮುಖ್ಯ ಶಾಫ್ಟಿಗೆ) ಸೇರಿರುತ್ತೆ. ಕ್ಲಚ್ ಹಿಡಿದ್ರೂ ಬಿಟ್ರೂ ಇಂಜಿನ್ ತಿರುಗುತ್ತೆ. ಇವರ ಗಾಡಿಯಲ್ಲಿ ಕಾಲಿನ ಬಲ ಗೇರ್ ಬಾಕ್ಸ್ ಒಳಗೆ ಹೋಗಿ, ಅಲ್ಲಿಂದ ಕ್ಲಚ್ ಪ್ಲೇಟ್ ದಾಟಿ ಕ್ರ್ಯಾಂಕಿಗೆ ಬರ್ಬೇಕು. ಕ್ಲಚ್ ಹಿಡಿದ್ರೆ ಕಿಕ್ಕರ್ ಖಾಲಿ ಇಳಿಯುತ್ತೆ. ಹಿಡಿಯದೇ ಇದ್ರೂ ಪ್ಲೇಟ್ ಜಾರ್ತಿದ್ರೆ ಅಷ್ಟೇ ಕಥೆ. ಈ ಥರದ ಇಂಜಿನ್‌ಗಳಲ್ಲೇ ಯಾವ ಗೇರಲ್ಲಾದ್ರೂ ಸ್ಟಾರ್ಟ್ ಆಗೋವೂ ಬರ್ತವೆ, ಇವರದ್ದು ಆ ಜಾತಿ ಅಲ್ಲ.

ಸಾರ್, ಈಗ ಕೊನೇ ಪರೀಕ್ಷೆ. ಸ್ವಿಚ್ ಆಫ್ ಮಾಡಿ, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಗಾಡಿ ತಳ್ಳಿ. ಕ್ಲಚ್ ಸರಿ ಇದ್ರೆ ಇಂಜಿನ್ ತಿರುಗಿ ಪುಸ್ ಪುಸ್ ಅನ್ನುತ್ತೆ, ತಳ್ಳೋಕೆ ಕಷ್ಟ. ಹಾಗಾದ್ರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ ಕಿಕ್ ಗೇರ್ ಮೇಲೆ ಅನುಮಾನ. ಗಾಡಿ ಸುಲಭವಾಗಿ ಉರುಳಿ, ಮ್ಯಾಗ್ನೆಟ್ ನಟ್ ನಿಂತೇ ಇದ್ರೆ ಕ್ಲಚ್ ಜಾರ್ತಿದೆ.

ಪ್ರಶ್ನೆ (ತೋಟದವರು):
ಸಲೀಸಾಗಿ ಉರುಳ್ತು. ಹಾಗಾದ್ರೆ ಪ್ಲೇಟ್ ಹೋಯ್ತಾ?

ಉತ್ತರ (ಮೆಕ್ಯಾನಿಕ್):
ಹೋಗಿರಬಹುದು, ಆದ್ರೆ ದುಡ್ಡು ಖರ್ಚಾಗದ ಎರಡು ಕೆಲಸ ಮೊದಲು. ಕ್ಲಚ್ ಲಿವರ್ ತುದಿಯಲ್ಲಿ ಎಷ್ಟು ಆಟ ಇದೆ? 10ರಿಂದ 20 ಮಿಲಿಮೀಟರ್ ಸುಮ್ಮನೆ ಓಡಾಡ್ಬೇಕು. ಹುಡುಗರು ಕೇಬಲ್ ಬಿಗಿ ಮಾಡಿ ಇಟ್ಟಿರ್ತಾರೆ, ಅಂದ್ರೆ ಯಾವಾಗಲೂ ಅರ್ಧ ಕ್ಲಚ್ ಹಿಡಿದ ಹಾಗೆ. ಕೇಬಲ್ ಸಡಿಲ ಮಾಡಿದ್ರೂ ಆಟ ಬರದಿದ್ರೆ ಬಲಗಡೆ ಕವರ್ ಮೇಲೆ ನಟ್ ಹಾಕಿದ ಸ್ಕ್ರೂ ಇದೆಯಾ ನೋಡಿ, ಕೆಲವದ್ದರಲ್ಲಿ ಅಲ್ಲೂ ಅಡ್ಜಸ್ಟ್ ಮಾಡೋಕೆ ಬರುತ್ತೆ.

ಎರಡನೇದು ಆಯಿಲ್. ಯಾವುದು ಹಾಕಿದ್ದೀರಿ?

ಪ್ರಶ್ನೆ (ತೋಟದವರು):
ಲಿವರ್‌ಗೆ ಆಟವೇ ಇಲ್ಲ ಸಾರ್, ಮುಟ್ಟಿದ ತಕ್ಷಣ ಬಿಗಿ. ಆಯಿಲ್ ಕೇಳಬೇಡಿ... ಕಾರಿಗೆ ತಂದಿದ್ದರಲ್ಲಿ ಉಳಿದಿತ್ತು, ಅದನ್ನೇ ಹಾಕಿದ್ವಿ.

ಉತ್ತರ (ಮೆಕ್ಯಾನಿಕ್):
ಕೇಳಿದ್ದು ಒಳ್ಳೇದೇ ಆಯ್ತು! ಬೈಕಿನ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ. ಪೆಟ್ರೋಲ್ ಉಳಿಸೋಕೆ ಅಂತ ಕಾರಿನ ಆಯಿಲ್‌ಗಳಲ್ಲಿ ಜಾರಿಸೋ ಪದಾರ್ಥ ಸೇರಿಸಿರ್ತಾರೆ, ಅದು ಪ್ಲೇಟನ್ನೂ ಜಾರಿಸುತ್ತೆ. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತೆ ಅನ್ನೋ ಗುರುತು) ಅಂತ ಇರೋ ಬೈಕ್ ಆಯಿಲ್ ಹಾಕಿ, ಒಂದು ಲೀಟರ್ ಒಳಗೇ ಮುಗಿಯುತ್ತೆ. ಒಂದು ಸಲ ಓಡಿಸಿ ಮತ್ತೆ ಬದಲಾಯಿಸಿದ್ರೆ ಇನ್ನೂ ಒಳ್ಳೇದು, ಹಳೇದು ಪ್ಲೇಟಿನ ಸಂದಿಯಲ್ಲಿ ಉಳಿದಿರುತ್ತೆ.

ನಾಲ್ಕು ದಿನದ ನಂತರ, ತೋಟದವರು:
ಕೇಬಲ್ ಸಡಿಲ ಮಾಡಿ, ಆಯಿಲ್ ಬದಲಾಯಿಸಿದೆ. ಕಿಕ್ ಈಗ ಪ್ರತಿ ಸಲ ಸಿಗ್ತಿದೆ! ಏರೂ ಹತ್ತುತ್ತೆ. ಬೆಳಿಗ್ಗೆ ಎರಡು ಕಿಕ್ಕಿಗೆ ಸ್ಟಾರ್ಟ್. ಆದ್ರೆ ಅರ್ಧ ಗಂಟೆ ಓಡಿಸಿ ನಿಲ್ಲಿಸಿದ್ರೆ ಮತ್ತೆ ಹತ್ತು ಹನ್ನೆರಡು ಕಿಕ್ ಬೇಕು, ಬಿಸಿಯಾದಾಗ ಕಿಕ್ಕರ್ ಸ್ವಲ್ಪ ಹಗುರ ಅನ್ನಿಸುತ್ತೆ. ಮಗ ಪ್ಲಗ್ ತೂತಿಗೆ ಆಯಿಲ್ ಬಿಟ್ಟು ನೋಡೋಣ, ಪಿಸ್ಟನ್ ರಿಂಗ್ ಹೋಗಿದೆಯಾ ಗೊತ್ತಾಗುತ್ತೆ ಅಂತಾನೆ, ಯಾವುದೋ ವಿಡಿಯೋ ನೋಡಿ.

ಉತ್ತರ (ಮೆಕ್ಯಾನಿಕ್):
ಆ ಉಪಾಯ ನೆಟ್ಟಗೆ ನಿಂತ ಸಿಲಿಂಡರ್‌ಗೆ ಚೆನ್ನಾಗಿರುತ್ತೆ. ನಿಮ್ಮದು ಮಲಗಿರೋದು, ಆಯಿಲ್ ಕೆಳಗಡೆ ಪಕ್ಕಕ್ಕೆ ಹೋಗಿ ಕೂರುತ್ತೆ, ರಿಂಗಿನ ಸುತ್ತ ಹರಡಲ್ಲ. ಅದನ್ನ ನಂಬಿ ರಿಂಗ್ ತರಬೇಡಿ.

ಬಿಸಿಯಾದಾಗ ಮಾತ್ರ ಹಗುರ ಅಂದ್ರೆ ನನ್ನ ಮೊದಲ ಅನುಮಾನ ಟ್ಯಾಪೆಟ್ ಬಿಗಿ ಇದೆ, ಅಂದ್ರೆ ವಾಲ್ವ್ ತುದಿಯಲ್ಲಿ ಇರಬೇಕಾದ ಸಂದು ಇಲ್ಲ ಅಂತ. ಬಿಸಿಗೆ ವಾಲ್ವ್ ಉದ್ದ ಆಗಿ ಪೂರ್ತಿ ಮುಚ್ಚಿಕೊಳ್ಳಲ್ಲ, ಕಂಪ್ರೆಷನ್ ಸೋರುತ್ತೆ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ, ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಿ. ಮ್ಯಾಗ್ನೆಟ್ ಮೇಲಿನ ‘ಟಿ’ ಗುರುತು ಕಿಂಡಿಯ ಗುರುತಿಗೆ ಸೇರಿಸಿ. ಎರಡೂ ರಾಕರ್ (ವಾಲ್ವ್ ಒತ್ತೋ ತೋಳು) ಸಡಿಲ ಇರ್ಬೇಕು, ಇಲ್ಲದಿದ್ರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಎರಡಕ್ಕೂ 0.05 ಮಿಲಿಮೀಟರ್ ಸಂದು ಇಡಿ. ಸಂದು ಅಳೆಯೋ ಫೀಲರ್ ಗೇಜ್ ಇಲ್ಲದಿದ್ರೆ ಅಂದಾಜಲ್ಲಿ ಮಾಡ್ಬೇಡಿ, ಸ್ಪ್ಲೆಂಡರ್ ಇಂಜಿನ್ ಕೆಲಸ ಮಾಡೋ ಯಾರ ಹತ್ತಿರ ಹೋದ್ರೂ ಹತ್ತು ನಿಮಿಷದ ಕೆಲಸ, ಅವರಿಗೆ ಈ ಮಲಗಿದ ಸಿಲಿಂಡರ್ ಹೊಸದಲ್ಲ. ಆದ್ರೆ ಗಾಡಿನ ಪಿಕಪ್ಪಿಗೆ ಏರಿಸಿಕೊಂಡು ಹೋಗಿ ಸಾರ್, ಮಗನ ಕೈಲಿ ರೋಡಲ್ಲಿ ಓಡಿಸಿಕೊಂಡು ಬರಬೇಡಿ.